ಬಸ್ಸು ಯಾವಾಗ ಎಡಕ್ಕೆ ಬರುತ್ತದೆ?

ಮಂಗಳೂರು–ಉಡುಪಿ ಹೈವೇಯಲ್ಲಿ ಎಕ್ಸ್‌ಪ್ರೆಸ್ ಬಸ್ಸಿನ ಹಿಂದೆ ಹೋಗುವವರು ಇಂಡಿಕೇಟರ್ ನಂಬಬೇಡಿ, ಬಾಗಿಲು ನೋಡಿ. ಕಂಡಕ್ಟರ್ ಫುಟ್‌ಬೋರ್ಡಿಗೆ ಇಳಿದು ಕೈ ಹೊರಗೆ ಚಾಚಿದ ಅಂದ್ರೆ ಬಸ್ಸು ಎಡಕ್ಕೆ ಬಂತು ಅಂತಲೇ ಲೆಕ್ಕ.

ಲೇನ್ ಬದಲಿಸುವುದರಲ್ಲಿ ಎರಡು ಬಗೆ. ಸ್ಟಾಪ್ ಬಂತು, ತಿರುವು ಬಂತು ಅಂತ ಬದಲಿಸಲೇಬೇಕಾದದ್ದು ಒಂದು. ಅದನ್ನು ಊಹಿಸುವುದು ಸುಲಭ, ಜಾಗ ಗೊತ್ತಿದ್ದರೆ ಸಾಕು. ಇನ್ನೊಂದು, ಮುಂದಿನ ಲಾರಿ ನಿಧಾನ ಅಂತ ಬೇಜಾರಾಗಿ ಬದಲಿಸುವುದು. ಇದನ್ನು ಊಹಿಸಲು 2007ರಲ್ಲಿ ಕೆಸ್ಟಿಂಗ್, ಟ್ರೈಬರ್, ಹೆಲ್ಬಿಂಗ್ ಎಂಬ ಸಂಶೋಧಕರು ಕೊಟ್ಟ 'ಮೊಬಿಲ್' ಅನ್ನುವ ಗಣಿತದ ಮಾಡೆಲ್ ನನಗೆ ಇಷ್ಟ. ಪಕ್ಕದ ಲೇನಿಗೆ ಹೋದರೆ ನನಗೆಷ್ಟು ಲಾಭ, ಹಿಂದೆ ಬರುವವನು ಎಷ್ಟು ಬ್ರೇಕ್ ಒತ್ತಬೇಕಾಗುತ್ತದೆ, ಎರಡನ್ನೂ ಅದು ತೂಗಿ ನೋಡುತ್ತದೆ. ಅದರಲ್ಲಿ ಸೌಜನ್ಯಕ್ಕೂ ಒಂದು ಸಂಖ್ಯೆ ಇದೆ! ಸೊನ್ನೆ ಇಟ್ಟರೆ ಡ್ರೈವರ್ ಪಕ್ಕಾ ಸ್ವಾರ್ಥಿ. ನಮ್ಮ ಕೆಲವರಿಗೆ ಸೊನ್ನೆಯೂ ಜಾಸ್ತಿಯೇ ಆಯ್ತೇನೋ.

ಗಾಡಿ ಯಾವಾಗ ಲೇನ್ ಬದಲಿಸುತ್ತದೆ ಅಂತ ಊಹಿಸುವುದನ್ನು ಕಂಪ್ಯೂಟರಿಗೆ ಕಲಿಸಲು ತುಂಬಾ ಜನ ಬಳಸುವ ಡೇಟಾ ಅಮೆರಿಕದ ಎನ್‌ಜಿಸಿಮ್ (NGSIM). 2005ರಲ್ಲಿ ಕ್ಯಾಲಿಫೋರ್ನಿಯಾದ ಹೆದ್ದಾರಿಗಳ ಪಕ್ಕದ ಎತ್ತರದ ಕಟ್ಟಡಗಳ ಮೇಲೆ ಕ್ಯಾಮೆರಾ ಇಟ್ಟು, ಪ್ರತಿ ಗಾಡಿ ಎಲ್ಲಿದೆ ಅಂತ ಸೆಕೆಂಡಿಗೆ 10 ಸಲ ಗುರುತಿಸಿದ್ದು. ಅಲ್ಲಿ ಗಾಡಿ ಗೆರೆಯ ಕಡೆ ಮೆಲ್ಲಗೆ ಸರಿಯತೊಡಗಿದರೆ ಅದೇ ದೊಡ್ಡ ಸುಳಿವು. ನಮ್ಮ ಮಂಗಳೂರಿನ ನಂತೂರು ಜಂಕ್ಷನ್ನಿನಲ್ಲಿ? ಸ್ಕೂಟರ್ ಒಂದು ಬಸ್ಸಿಗೂ ರಿಕ್ಷಾಕ್ಕೂ ನಡುವೆ ಗೆರೆಯ ಮೇಲೆಯೇ ಹೋಗ್ತಾ ಇರುತ್ತದೆ, ಅದು ಯಾವ ಲೇನಿನಲ್ಲಿದೆ ಅಂತ ಹೇಳುವುದು? ಹಾಗಾಗಿ ಇಲ್ಲಿ ಲೇನ್ ನಂಬರ್ ಬಿಟ್ಟು, ಗಾಡಿಯ ಅಗಲ ಮತ್ತು ಪಕ್ಕದಲ್ಲಿ ಉಳಿದಿರುವ ಸಂದಿ ಇವೆರಡನ್ನೇ ಅಳೆಯುವುದು ವಾಸಿ. ಜೊತೆಗೆ ರಿಕ್ಷಾದ ಮುಂದಿನ ಚಕ್ರ ಯಾವ ಕಡೆ ತಿರುಗಿದೆ ಅಂತ ಕ್ಯಾಮೆರಾಕ್ಕೆ ಕಂಡರೆ ಅರ್ಧ ಕೆಲಸ ಮುಗಿದ ಹಾಗೆ.