ನೀವು ಯಾರನ್ನ ನೆನೆಸಿಕೊಂಡ್ರಿ?

ಮೊನ್ನೆ ಮಂಗಳವಾರ ಒಂದು ಪಾರ್ಸೆಲ್ ಕಳಿಸೋಕೆ ಅಂತ ಪೋಸ್ಟ್ ಆಫೀಸಿಗೆ ಹೊರಟಿದ್ದೆ. ಅವತ್ತು ನವೆಂಬರ್ 11 ಅನ್ನೋದು ನೆನಪಿತ್ತು, ಗಂಟೆ ಹನ್ನೊಂದಾಗ್ತಾ ಬಂತು ಅನ್ನೋದು ನೆನಪಿರಲಿಲ್ಲ. ಮೊದಲನೇ ಮಹಾಯುದ್ಧ ನಿಂತ ದಿನ ಅದು. ಯುದ್ಧಗಳಲ್ಲಿ ಸತ್ತವರ ನೆನಪಿಗೆ ಇಲ್ಲಿ ಅವತ್ತು ಹನ್ನೊಂದು ಗಂಟೆಗೆ ಎರಡು ನಿಮಿಷ ಮೌನವಾಗಿ ನಿಲ್ತಾರೆ. ನಾವಿರೋದು ಇಂಗ್ಲೆಂಡಿನ ಕೆಂಟ್ ಕಡೆಯ ಒಂದು ಸಣ್ಣ ಊರಲ್ಲಿ. ಇಲ್ಲಿ ಚರ್ಚಿನ ಎದುರಿಗೆ, ಬಸ್ ಸ್ಟಾಪಿನ ಪಕ್ಕ, ಕಲ್ಲಿನ ಒಂದು ದೊಡ್ಡ ಶಿಲುಬೆ ಇದೆ. ಆರು ವರ್ಷದಿಂದ ಅದರ ಮುಂದೆಯೇ ಓಡಾಡ್ತಿದ್ದೀನಿ. ಅದರ ಬುಡದಲ್ಲಿ ಯುದ್ಧದಲ್ಲಿ ಸತ್ತ ಊರಿನವರ ಹೆಸರುಗಳಿವೆ ಅಂತ ಗೊತ್ತಿತ್ತು, ಒಂದು ದಿನವೂ ನಿಂತು ಓದಿರಲಿಲ್ಲ.

ಅವತ್ತು ಅಲ್ಲಿ ಐವತ್ತು ಅರವತ್ತು ಜನ ಸೇರಿದ್ದರು. ಎಲ್ಲರ ಕೋಟಿನ ಮೇಲೂ ಕೆಂಪು ಕಾಗದದ ಗಸಗಸೆ ಹೂವು, ಸತ್ತ ಸೈನಿಕರ ನೆನಪಿನ ಗುರುತು. ಶಾಲೆ ಹುಡುಗಿಯೊಬ್ಬಳು ಯೂನಿಫಾರಂನಲ್ಲಿ ಬ್ಯೂಗಲ್ ಹಿಡಿದು ನಿಂತಿದ್ದಳು. ಚಳಿಗೆ ಅವಳ ಬೆರಳು ಕೆಂಪಾಗಿದ್ದವು. ಅವಳು ಊದಿ ಮುಗಿಸಿದಳು, ಚರ್ಚಿನ ಗಡಿಯಾರ ಹನ್ನೊಂದು ಹೊಡೆಯಿತು, ಅಷ್ಟೇ, ಎಲ್ಲ ನಿಂತುಹೋಯ್ತು. ಆಗಷ್ಟೇ ಬಂದ ಬಸ್ಸಿನ ಡ್ರೈವರ್ ಎಂಜಿನ್ ಆಫ್ ಮಾಡಿ, ಸ್ಟೀರಿಂಗ್ ಮೇಲಿಂದ ಕೈ ತೆಗೆದು ಸುಮ್ಮನೆ ಕೂತ. ನಾನೂ ಪಾರ್ಸೆಲ್ ಎದೆಗೆ ಒತ್ತಿಕೊಂಡು ನಿಂತೆ.

ಎರಡು ನಿಮಿಷ ಅಂದ್ರೆ ಎಷ್ಟು ಉದ್ದ ಅಂತ ಸುಮ್ಮನೆ ನಿಂತವರಿಗೇ ಗೊತ್ತು. ನಿಜ ಹೇಳ್ತೀನಿ, ನನ್ನ ತಲೆಯಲ್ಲಿ ಏನೂ ದೊಡ್ಡದು ಓಡಲಿಲ್ಲ. ಪೋಸ್ಟ್ ಆಫೀಸಿನಲ್ಲಿ ಕ್ಯೂ ಎಷ್ಟಿರುತ್ತೋ, ಮಗನ ಈಜಿನ ಬಟ್ಟೆ ಒಣಗಿದೆಯೋ ಇಲ್ಲವೋ, ಇಂಥವೇ. ಆಮೇಲೆ ನನ್ನ ಕಣ್ಣು ಪಕ್ಕದಲ್ಲಿದ್ದ ಅಜ್ಜನ ಮೇಲೆ ಬಿತ್ತು. ವಯಸ್ಸು ಎಪ್ಪತ್ತೈದರ ಮೇಲೆ. ಕಪ್ಪು ಓವರ್‌ಕೋಟ್, ಎದೆಯ ಮೇಲೆ ನಾಲ್ಕು ಪದಕ. ಗಾಳಿ ಜೋರಾಗಿತ್ತು. ಆ ಪದಕಗಳು ಒಂದಕ್ಕೊಂದು ತಾಗಿ ಸದ್ದು ಮಾಡಬಾರದು ಅಂತ ಅವರು ಎರಡು ನಿಮಿಷವೂ ಅಂಗೈಯನ್ನ ಅವುಗಳ ಮೇಲೆ ಒತ್ತಿ ಹಿಡಿದಿದ್ದರು. ಮಲಗಿದ ಮಗುವಿನ ಬೆನ್ನ ಮೇಲೆ ಕೈ ಇಡ್ತೀವಲ್ಲ, ಹಾಗೆ. ಕೈ ಸ್ವಲ್ಪ ನಡುಗ್ತಾ ಇತ್ತು, ಆದ್ರೂ ತೆಗೀಲಿಲ್ಲ.

ಹುಡುಗಿ ಮತ್ತೆ ಬ್ಯೂಗಲ್ ಊದಿದಳು. ಬಸ್ಸು ಹೊರಟಿತು. ಜನ ಚದುರಿದರು. ನಾನು ಅಲ್ಲೇ ನಿಂತಿದ್ದೆ, ಅಜ್ಜನೂ ನಿಂತಿದ್ದರು. ಏನಾದ್ರೂ ಮಾತಾಡಬೇಕು ಅನ್ನಿಸಿ, "ನೀವು ಸೈನ್ಯದಲ್ಲಿದ್ರಾ?" ಅಂತ ಕೇಳಿದೆ.

"ಇಲ್ಲಮ್ಮ. ಇವು ನನ್ನವಲ್ಲ. ನೋಡಿ, ಬಲಗಡೆ ಹಾಕಿದ್ದೀನಿ." ತಾವೇ ಗಳಿಸಿದ ಪದಕವಾದರೆ ಎಡಗಡೆ, ಮನೆಯವರದ್ದಾದರೆ ಬಲಗಡೆ ಹಾಕ್ಕೊಳ್ಳೋದು ಇಲ್ಲಿನ ಪದ್ಧತಿ. "ಇವು ನನ್ನ ಚಿಕ್ಕಪ್ಪನವು. ನಾನು ಹುಟ್ಟೋಕೆ ಮುಂಚೆನೇ ಹೋದ್ರು. ಅವರ ಹೆಸರನ್ನೇ ನನಗೆ ಇಟ್ಟರು."

ಆಮೇಲೆ ತುಂಬಾ ಸಹಜವಾಗಿ, ಊಟ ಆಯ್ತಾ ಅಂತ ಕೇಳಿದ ಹಾಗೆ, ಕೇಳಿದ್ರು: "ನೀವು ಯಾರನ್ನ ನೆನೆಸಿಕೊಂಡ್ರಿ?"

ನಾನು ಬಾಯಿ ತೆರೆದೆ. ಹೇಳೋಕೆ ಒಂದೇ ಒಂದು ಹೆಸರಿರಲಿಲ್ಲ. "ಯಾರನ್ನೂ ಇಲ್ಲ" ಅಂದೆ.

ಅವರು ತಪ್ಪು ತಿಳೀಲಿಲ್ಲ. "ಪರವಾಗಿಲ್ಲ, ನಿಂತಿರಲ್ಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಭಾರತದವರಾ? ಕೊಹಿಮಾಗೆ ಹೋಗಿದ್ದೀರಾ?" ಅಂದರು.

ಹೋಗಿಲ್ಲ. ಅವರು ಹೋಗಿದ್ದಾರೆ. ಅವರ ಚಿಕ್ಕಪ್ಪ ಇರೋದು ಅಲ್ಲಿ. 1944ರ ಏಪ್ರಿಲ್‌ನಲ್ಲಿ ಜಪಾನಿನ ಸೈನ್ಯ ಈಗಿನ ನಾಗಾಲ್ಯಾಂಡಿನ ಕೊಹಿಮಾ ಬೆಟ್ಟವನ್ನ ಸುತ್ತುವರಿದಾಗ ಒಳಗೆ ಸಿಕ್ಕಿಹಾಕಿಕೊಂಡವರಲ್ಲಿ ಇದೇ ಕೆಂಟ್‌ನ ರೆಜಿಮೆಂಟಿನ ಹುಡುಗರೂ ಇದ್ದರು, ಅಸ್ಸಾಂ ರೆಜಿಮೆಂಟಿನ ನಮ್ಮ ಹುಡುಗರೂ ಇದ್ದರು. ಡೆಪ್ಯುಟಿ ಕಮಿಷನರ್ ಬಂಗಲೆಯ ಟೆನಿಸ್ ಅಂಗಳದ ಆ ಕಡೆ ಒಬ್ಬರು, ಈ ಕಡೆ ಒಬ್ಬರು ಕೂತು ಗ್ರೆನೇಡ್ ಎಸೆದಾಡಿಕೊಂಡ ಯುದ್ಧ ಅದು. ಈಗ ಆ ಜಾಗವೇ ಸ್ಮಶಾನ. ಟೆನಿಸ್ ಅಂಗಳದ ಗೆರೆಗಳನ್ನ ಗುರುತಿಗೆ ಹಾಗೇ ಉಳಿಸಿದ್ದಾರೆ. 1,420 ಗೋರಿಗಳಿವೆ. "ಮೇಲುಗಡೆ ಹೋದ್ರೆ ನಿಮ್ಮವರದ್ದು ಇದೆ. ಗೋರಿ ಇಲ್ಲ, ದಹನ ಮಾಡಿದ್ರಲ್ವಾ, ಹೆಸರು ಮಾತ್ರ ಇದೆ. ನಾನು ಓದಿದೆ. ಎಲ್ಲವನ್ನೂ ಅಲ್ಲ, ಓದೋಕೆ ಆದಷ್ಟು" ಅಂದರು ಅಜ್ಜ. ಮನೆಗೆ ಬಂದು ನೋಡಿದೆ, ಹಾಗೆ ದಹನವಾದ ಹಿಂದೂ, ಸಿಖ್ ಸೈನಿಕರು 917 ಮಂದಿ.

ನಮ್ಮವರ ಹೆಸರನ್ನ ಈ ಅಜ್ಜ ಓದಿ ಬಂದಿದ್ದಾರೆ. ಉಚ್ಚಾರಣೆ ಎಷ್ಟು ತಪ್ಪಿತ್ತೋ ಏನೋ, ಓದಿದ್ದಾರೆ. ನಾನು ಆ ದೇಶದಲ್ಲೇ ಹುಟ್ಟಿ ಬೆಳೆದವಳು, ಆ ಕಡೆ ತಲೆ ಹಾಕಿಲ್ಲ. ಈ ನಾಲ್ಕು ದಿನದಿಂದ ನನ್ನನ್ನ ಕಾಡ್ತಿರೋದು ಇದೇ. ಪಾತ್ರೆ ತೊಳೆಯುವಾಗಲೂ ಆ ಅಂಗೈ ಕಣ್ಣ ಮುಂದೆ ಬರುತ್ತೆ, ಹಿಂದೆಯೇ ಆ ಪ್ರಶ್ನೆ. ನೀವು ಯಾರನ್ನ ನೆನೆಸಿಕೊಂಡ್ರಿ?

ರಾತ್ರಿ ಇದನ್ನ ಯಜಮಾನರಿಗೆ ಹೇಳಿದೆ. ಅವರು ಒಳ್ಳೆಯವರು, ಆದರೆ ಕೆಲವು ವಿಷಯದಲ್ಲಿ ಅವರಿಗೆ ಉತ್ತರ ಮೊದಲೇ ಸಿದ್ಧ ಇರುತ್ತೆ. "ಅವರ ರಾಜನ ಯುದ್ಧಕ್ಕೆ ನಮ್ಮವರನ್ನ ಕರ್ಕೊಂಡು ಹೋಗಿ ಸಾಯಿಸಿದ್ರು. ನಾವ್ಯಾಕೆ ಅವರ ಜೊತೆ ತಲೆ ತಗ್ಗಿಸಿ ನಿಲ್ಲಬೇಕು?" ಅಂದರು. ಅವರ ಸಿಟ್ಟು ಸುಳ್ಳಲ್ಲ. ಮೊದಲನೇ ಮಹಾಯುದ್ಧಕ್ಕೆ ಭಾರತದಿಂದ ಹೋದವರು ಸುಮಾರು 13 ಲಕ್ಷ, ವಾಪಸ್ ಬಾರದವರು ಸುಮಾರು 74 ಸಾವಿರ. ಎರಡನೆಯದರಲ್ಲಿ 25 ಲಕ್ಷ ಹೋದರು, ಸುಮಾರು 87 ಸಾವಿರ ಸತ್ತರು. ಎಷ್ಟೋ ಜನ ಸಂಬಳಕ್ಕೆ, ಮನೆ ಸಾಲಕ್ಕೆ ಸೇರಿದವರು. ಸತ್ತವರಿಗೆ ಸಿಕ್ಕ ಗೌರವವಾದರೂ ಸಮ ಇತ್ತಾ? ಇರಾಕಿನ ಬಸ್ರಾದಲ್ಲಿರೋ ಸ್ಮಾರಕದಲ್ಲಿ ಬ್ರಿಟಿಷ್ ಸೈನಿಕರ ಹೆಸರು ಒಂದೊಂದಾಗಿ ಕೆತ್ತಿದ್ದಾರೆ. ನಮ್ಮ ಸಾಮಾನ್ಯ ಸಿಪಾಯಿಗಳಿಗೆ ರೆಜಿಮೆಂಟಿನ ಹೆಸರು, ಕೆಳಗೆ ಇಷ್ಟು ಮಂದಿ ಅಂತ ಸಂಖ್ಯೆ. ಅಷ್ಟೇ. ಸಮಾಧಿಗಳನ್ನ ನೋಡಿಕೊಳ್ಳೋ ಕಾಮನ್‌ವೆಲ್ತ್ ಆಯೋಗವೇ 2021ರಲ್ಲಿ ವರದಿ ಹೊರಡಿಸಿ, ಭಾರತ, ಆಫ್ರಿಕಾ ಮೊದಲಾದ ಕಡೆಯ ಲಕ್ಷಕ್ಕೂ ಹೆಚ್ಚು ಜನರ ಹೆಸರು ಎಲ್ಲೂ ಬಂದಿಲ್ಲದೆ ಇರಬಹುದು ಅಂತ ಒಪ್ಪಿಕೊಂಡು ಕ್ಷಮೆ ಕೇಳಿತು.

ಇದನ್ನೆಲ್ಲ ಓದಿದಾಗ ನನಗೂ ಹೊಟ್ಟೆ ಉರೀತು. ಆದರೆ ಅದಕ್ಕೇ ನಾವು ನಿಲ್ಲಬೇಕು ಅಲ್ವಾ? ಆ ಅಜ್ಜ ನಿಂತಿದ್ದು ರಾಜನಿಗೋಸ್ಕರ ಅಲ್ಲ, ಇಪ್ಪತ್ತೊಂದು ವರ್ಷದ ಒಬ್ಬ ಹುಡುಗನಿಗೋಸ್ಕರ. ಬಸ್ರಾದ ಗೋಡೆ ಮೇಲೆ ಬರೀ ಅಂಕಿಯಾದವನಿಗೋಸ್ಕರ ನಿಲ್ಲೋರು ಯಾರು? ಅವನ ಊರಿನವರು ಮರೆತರೆ, ಅವನ ಭಾಷೆಯವರು ಮರೆತರೆ? ಇದನ್ನ ಹೇಳಿದೆ. ಯಜಮಾನರು ಸುಮ್ಮನಾದರು. ಒಪ್ಪಿದರೋ ನಿದ್ದೆ ಬಂತೋ ಗೊತ್ತಿಲ್ಲ.

ಈ ಎರಡು ನಿಮಿಷದ ಮೌನ ಶುರುವಾಗಿದ್ದು 1919ರಲ್ಲಿ. ಯುದ್ಧ ನಿಂತು ಸರಿಯಾಗಿ ಒಂದು ವರ್ಷಕ್ಕೆ, ಐದನೇ ಜಾರ್ಜ್ ದೊರೆ ಎಲ್ಲ ಕೆಲಸ ನಿಲ್ಲಿಸಿ ಅಂತ ಕೇಳಿಕೊಂಡ. ಅದಕ್ಕೂ ಮೊದಲು ದಕ್ಷಿಣ ಆಫ್ರಿಕಾದ ಕೇಪ್ ಟೌನಿನಲ್ಲಿ ಮಧ್ಯಾಹ್ನದ ತೋಪು ಹಾರಿದ ತಕ್ಷಣ ಊರಿಗೆ ಊರೇ ಸುಮ್ಮನೆ ನಿಲ್ತಾ ಇತ್ತಂತೆ. ಮೊದಲ ವರ್ಷ ಅದು ಹೇಗಿತ್ತೋ ಅಂತ ಯೋಚಿಸ್ತೀನಿ. ಆಗ ಯಾರೂ ಯಾರನ್ನೂ ಕೇಳಬೇಕಿರಲಿಲ್ಲ. ಪ್ರತಿ ಮನೆಯಲ್ಲೂ ಒಂದು ಹೆಸರಿತ್ತು. ಬುಧವಾರ ವಾಪಸ್ ಹೋಗಿ ನಮ್ಮೂರ ಶಿಲುಬೆಯ ಹೆಸರುಗಳನ್ನ ಕೊನೆಗೂ ಓದಿದೆ. 1914–1918ರ ಪಟ್ಟಿ ಮೂರು ಕಡೆಗೆ ಹರಡಿದೆ. ಒಂದು ಮನೆತನದ ಹೆಸರು ಮೂರು ಸಲ ಬರುತ್ತೆ, ಒಂದರ ಕೆಳಗೆ ಒಂದು. ಆ ತಾಯಿ ಈ ಶಿಲುಬೆ ಮುಂದೆ ಹೇಗೆ ನಿಂತಳೋ.

ನಮ್ಮಲ್ಲೂ ಕಲ್ಲು ಇದ್ದವು. ಇವರಿಗಿಂತ ಸಾವಿರ ವರ್ಷ ಮೊದಲೇ ಇದ್ದವು. ನಮ್ಮದು ಮದ್ದೂರು ಕಡೆ. ಅಲ್ಲೇ ಆತಕೂರು ಅಂತ ಇದೆ, 949ರ ಸುಮಾರಿನ ಕಲ್ಲು ಸಿಕ್ಕಿದ್ದು ಅಲ್ಲಿ. ಕಾಡುಹಂದಿ ಜೊತೆ ಹೋರಾಡಿ ಸತ್ತ ಕಾಳಿ ಅನ್ನೋ ನಾಯಿಗೂ ಕಲ್ಲು ನಿಲ್ಲಿಸಿ, ಅದರ ಹೆಸರು ಬರೆಸಿ, ಪೂಜೆಗೆ ಅಂತ ಭೂಮಿ ಬಿಟ್ಟ ಜನ ನಾವು. ನಾಯಿಯ ಹೆಸರು ಕೂಡ ಬಿಡಲಿಲ್ಲ! ನಮ್ಮೂರ ಗುಡಿ ಹಿಂದೆಯೂ ಒಂದು ವೀರಗಲ್ಲು ಇತ್ತು. ಕೆಳಗೆ ಕತ್ತಿ ಹಿಡಿದ ಆಳು, ನಡುವೆ ಅವನನ್ನ ಕರೆದೊಯ್ಯೋ ಅಪ್ಸರೆಯರು, ಮೇಲೆ ಲಿಂಗ. ಚಿಕ್ಕವಳಿದ್ದಾಗ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದ್ದೀನಿ, ಅದರ ಮೇಲೆ ಹತ್ತಿ ಕುಣಿದಿದ್ದೀನಿ. ಅವನು ಯಾರು ಅಂತ ಯಾರಿಗೂ ಗೊತ್ತಿರಲಿಲ್ಲ. ಕೇಳಿದರೆ "ಯಾವುದೋ ವೀರಪ್ಪ" ಅನ್ನೋರು.

ಅದನ್ನ ನೆನೆಸಿಕೊಳ್ಳೋವಾಗಲೇ ಇನ್ನೊಂದು ನೆನಪು ನುಗ್ಗಿ ಬಂತು, ಹೇಗೆ ಇಷ್ಟು ವರ್ಷ ಒಳಗೇ ಇತ್ತೋ ಗೊತ್ತಿಲ್ಲ. 1999. ನಾನು ಐದನೇ ಕ್ಲಾಸು. ಕಾರ್ಗಿಲ್ ಯುದ್ಧದ ಸಮಯ. ಪಕ್ಕದೂರಿನ ಸೈನಿಕರೊಬ್ಬರ ಪಾರ್ಥಿವ ಶರೀರ ಬರುತ್ತೆ ಅಂತ ಮೇಷ್ಟ್ರು ಇಡೀ ಶಾಲೆಯನ್ನ ರಸ್ತೆ ಬದಿ ಸಾಲಾಗಿ ನಿಲ್ಲಿಸಿದ್ದರು. ಕೈಯಲ್ಲಿ ಚೆಂಡು ಹೂವಿನ ಎಸಳು. ತುಂಬಾ ಹೊತ್ತು ಕಾದ್ವಿ, ಬೆವರಿಗೆ ಎಸಳು ಅಂಗೈಗೆ ಅಂಟಿಕೊಂಡಿದ್ದವು. ಮಿಲಿಟರಿ ಲಾರಿ ಬಂದಾಗ ಯಾರೋ ಜೈಕಾರ ಹಾಕಿದರು, ನಾವೂ ಕೂಗಿದ್ವಿ. ಲಾರಿ ಮೇಲೆ ಒಬ್ಬ ಹೆಂಗಸು ಕೂತಿದ್ದರು, ಅವರು ಮಾತ್ರ ಕೂಗ್ತಿರಲಿಲ್ಲ, ಅಳ್ತಾನೂ ಇರಲಿಲ್ಲ. ಬಾವುಟ ಗಾಳಿಗೆ ಹಾರದ ಹಾಗೆ ಪೆಟ್ಟಿಗೆ ಮೇಲೆ ಕೈ ಇಟ್ಟಿದ್ದರು. ಅಂಗೈ ಒತ್ತಿ.

ಅವತ್ತು ಸಂಜೆ ಇಡೀ ನಮ್ಮ ಕ್ಲಾಸಿಗೆ ಆ ಹೆಸರು ಬಾಯಿಪಾಠ ಆಗಿತ್ತು. ಗೋಡೆ ಮೇಲೆ ಬರೆದಿದ್ವಿ. ಈಗ ಎಷ್ಟು ತಿಣುಕಿದರೂ ನನಗೆ ಆ ಹೆಸರು ಬರಲಿಲ್ಲ. ಲಾರಿ ಬಣ್ಣ ನೆನಪಿದೆ, ಹೂವಿನ ವಾಸನೆ ನೆನಪಿದೆ, ಹೆಸರಿಲ್ಲ. ಕಾರ್ಗಿಲ್‌ನಲ್ಲಿ ಸತ್ತವರು 527 ಜನ ಅಂತ ಕೇಳಿದರೆ ತಕ್ಷಣ ಹೇಳ್ತೀನಿ, ಜುಲೈ 26 ಬಂದ್ರೆ ಸ್ಟೇಟಸ್ ಹಾಕ್ತೀನಿ, ಆ 527ರಲ್ಲಿ ನಾನೇ ಹೂವು ಎರಚಿದ ಒಬ್ಬರ ಹೆಸರು ನನಗೆ ಗೊತ್ತಿಲ್ಲ. ಬಸ್ರಾದ ಗೋಡೆ ಕೆತ್ತಿದವರ ಮೇಲೆ ಸಿಟ್ಟು ಮಾಡಿಕೊಂಡು ಕೂತಿದ್ದೆನಲ್ಲ, ನಾನು ಮಾಡಿದ್ದೂ ಅದೇ ತಾನೇ?

ಗುರುವಾರ ಅಪ್ಪನಿಗೆ ಫೋನ್ ಮಾಡಿದೆ. "ಅಪ್ಪ, ಕಾರ್ಗಿಲ್ ಟೈಮಲ್ಲಿ ಪಕ್ಕದೂರಿಗೆ ಬಂದ್ರಲ್ಲ, ಅವರ ಹೆಸ್ರೇನು?"

ಅಪ್ಪನಿಗೆ ಊರಿನ ಮೂರು ತಲೆಮಾರಿನ ಹೆಸರು ಗೊತ್ತು. ಅವರೂ ತಡವರಿಸಿದರು. "ತಡಿ ಮಗಾ, ನಾಲ್ಗೆ ಮೇಲೇ ಐತೆ... ಅವ್ರ ಅಪ್ಪ ಆಲೆಮನೆ ಇಟ್ಕೊಂಡಿದ್ದ ಕಣವ್ವ... ಹೆಸ್ರು ಬರ್ತಾ ಇಲ್ಲ ನೋಡು." ಅಪ್ಪನ ದನಿಯಲ್ಲಿ ಬೇಜಾರಿತ್ತು. "ಬಸ್ ಸ್ಟ್ಯಾಂಡ್ ತಾವ ಒಂದು ಬೋರ್ಡ್ ಹಾಕವ್ರೆ. ನಾಳೆ ಹೋಗಿ ನೋಡ್ಕೊಂಡ್ ಬತ್ತೀನಿ" ಅಂದರು.

ಅಪ್ಪನಿಗೆ ಎಪ್ಪತ್ತು ದಾಟಿದೆ, ಮಂಡಿ ನೋವು. ಆದ್ರೂ ನಿನ್ನೆ ಬೆಳಗ್ಗೆ ಸ್ಕೂಟರ್ ತಗೊಂಡು ಹೋಗಿದ್ದಾರೆ. ಅಲ್ಲಿಂದಲೇ ಫೋನ್ ಮಾಡಿದರು. ಹಿಂದೆ ಬಸ್ಸಿನ ಹಾರನ್ನು ಕೇಳಿಸ್ತಿತ್ತು. ಬೋರ್ಡಿನ ಮೇಲೆ ಯಾರೋ ಟ್ಯೂಷನ್ ಪೋಸ್ಟರ್ ಅಂಟಿಸಿಬಿಟ್ಟಿದ್ದಾರಂತೆ. "ಉಗುರಲ್ಲಿ ಕೆರೆದು ತೆಗೀತಾ ಇವ್ನಿ, ಲೈನಲ್ಲೇ ಇರು" ಅಂದರು. ಕಾಗದ ಹರಿಯೋ ಸದ್ದು ಕೇಳ್ತಾ ನಾನು ಅಡುಗೆಮನೆಯಲ್ಲಿ ಪೆನ್ನು ಹಿಡಿದು ನಿಂತಿದ್ದೆ. ಆಮೇಲೆ ಅಪ್ಪ ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಇನಿಷಿಯಲ್ಲು, ಹೆಸರು, ಅವರ ರೆಜಿಮೆಂಟು. ಬರೆದುಕೊಂಡೆ. ಅವರ ಮನೆಯವರನ್ನ ಕೇಳದೆ ಅದನ್ನ ಇಲ್ಲಿ ಹಾಕೋಕೆ ನನಗೆ ಮನಸ್ಸಿಲ್ಲ.

"ಹುಟ್ಟಿದ್ದು ಯಾವಾಗ ಅಂತ ಹಾಕಿದ್ದಾರಾ ಅಪ್ಪ?" ಅಂತ ಕೇಳಿದೆ.

"ಊಂ. 1977."

ಇಪ್ಪತ್ತೆರಡು ವರ್ಷ. ಅವತ್ತು ರಸ್ತೆ ಬದಿ ನಿಂತಾಗ ಅವರು ನಮ್ಮ ಮೇಷ್ಟ್ರಷ್ಟು ದೊಡ್ಡವರು ಅಂತ ಅಂದುಕೊಂಡಿದ್ದೆ.