ಪಾಂಡಿಚೇರಿಗೆ ಹೊರಟಿದ್ದೀರಾ? ಮೊದಲು ಹುಣ್ಣಿಮೆ ಯಾವತ್ತು ನೋಡಿ

ಕ್ಯಾಲೆಂಡರ್ ನೋಡದೆ ಹೊರಟಿದ್ದು ನಮ್ಮದೇ ತಪ್ಪು. ಬೆಂಗಳೂರಿನಿಂದ ಕೃಷ್ಣಗಿರಿ, ತಿರುವಣ್ಣಾಮಲೈ, ಜಿಂಜಿ, ತಿಂಡಿವನಂ ಮೇಲೆ ಪಾಂಡಿಚೇರಿ ಸುಮಾರು 310 ಕಿ.ಮೀ. ಸಂಜೆಯೊಳಗೆ ಸಮುದ್ರ ನೋಡ್ತೀವಿ ಅಂದುಕೊಂಡಿದ್ದೆವು. ತಿರುವಣ್ಣಾಮಲೈ ಹತ್ತಿರ ಬರುತ್ತಿದ್ದಂತೆ ರಸ್ತೆ ತುಂಬ ಬರಿಗಾಲಿನ ಜನ. ಅವತ್ತು ಹುಣ್ಣಿಮೆ, ಗಿರಿವಲಂ ದಿನ! 14 ಕಿ.ಮೀ. ದಾರಿಯಲ್ಲಿ ಬೆಟ್ಟ ಸುತ್ತಲು ಊರೂರಿನಿಂದ ಬಂದಿದ್ದರು. ಆ ಊರು ದಾಟುವಷ್ಟರಲ್ಲೇ ಎರಡೂವರೆ ಗಂಟೆ ಹೋಯ್ತು.

ಅದರಿಂದ ಜಿಂಜಿ ಕೋಟೆಯೂ ತಪ್ಪಿತು. ನೀವು ತಪ್ಪಿಸಿಕೊಳ್ಳಬೇಡಿ. ಹೆದ್ದಾರಿ ಪಕ್ಕದಲ್ಲೇ ಇದೆ. ಆದರೆ ಕೋಟೆಯ ಎತ್ತರದ ಬೆಟ್ಟ ರಾಜಗಿರಿ ಹತ್ತುವುದಿದ್ದರೆ ಬೆಳಿಗ್ಗೆಯೇ ಹತ್ತಿ, ಬಿಸಿಲಿಗೆ ಬಂಡೆ ಕಾದರೆ ಕಷ್ಟ.

ಪಾಂಡಿಚೇರಿ ಬೀಚ್ ಅಂದರೆ ಮರಳು ಅಂದುಕೊಂಡು ಹೋಗುವವರೇ ಜಾಸ್ತಿ. ಊರೊಳಗಿನ ಬೀಚ್ ರಸ್ತೆಯ ಅಂಚಿಗೆ ಇರುವುದು ಬಹುಪಾಲು ಕಪ್ಪು ಬಂಡೆಗಳು. 1980ರ ದಶಕದ ಕೊನೆಗೆ ದಕ್ಷಿಣದಲ್ಲಿ ಬಂದರು ಕಟ್ಟಿದರು. ಆಮೇಲೆ ತೀರದುದ್ದಕ್ಕೂ ಉತ್ತರಕ್ಕೆ ಸಾಗಿ ಬರುತ್ತಿದ್ದ ಮರಳು ಅಲ್ಲೇ ತಡೆದು ನಿಂತಿತು, ಇಲ್ಲಿನ ದಡ ಕೊಚ್ಚಿಹೋಯಿತು. ದಡ ಉಳಿಸಲು ಹಾಕಿದ ಕಲ್ಲುಗಳು ಇವು. ಈಚೆಗೆ ಒಂದಷ್ಟು ಜಾಗದಲ್ಲಿ ಮರಳು ಮತ್ತೆ ಸೇರಿದೆ. ಮರಳೇ ಬೇಕೆಂದರೆ ಚುನ್ನಂಬಾರ್‌ನಿಂದ ದೋಣಿಯಲ್ಲಿ ಪ್ಯಾರಡೈಸ್ ಬೀಚಿಗೆ ಹೋಗಿ. ನೀರಿಗೆ ಮಾತ್ರ ಮೊಣಕಾಲಿಗಿಂತ ಆಳಕ್ಕೆ ಇಳಿಯಬೇಡಿ, ಸೆಳೆತ ಕೆಟ್ಟದ್ದು.

ನನಗೆ ಕೇಳಿದರೆ ಇದು ಈಜುವ ಊರಲ್ಲ, ನಡೆಯುವ ಊರು. ಅದೂ ಬೆಳಿಗ್ಗೆ. ಸಂಜೆ 6ರಿಂದ ಮರುದಿನ ಬೆಳಿಗ್ಗೆ 7.30ರವರೆಗೆ ಬೀಚ್ ರಸ್ತೆಗೆ ವಾಹನ ಬಿಡುವುದಿಲ್ಲ. ನಮ್ಮ ಕರಾವಳಿಯಲ್ಲಿ ಸೂರ್ಯ ಕಡಲಿಗೆ ಮುಳುಗುವುದನ್ನೇ ನೋಡಿದವರು ನಾವು. ಇಲ್ಲಿ ಕಡಲಿನಿಂದಲೇ ಏಳುತ್ತಾನೆ. ಐದೂವರೆಗೇ ಹೋಗಿ ಗಾಂಧಿ ಪ್ರತಿಮೆ ಹತ್ತಿರ ಕೂತೆವು. ಸುತ್ತಲಿನ ಎಂಟು ಕೆತ್ತನೆಯ ಕಂಬಗಳು ಜಿಂಜಿಯಿಂದ ತಂದವಂತೆ. ನಿನ್ನೆ ತಪ್ಪಿದ ಜಿಂಜಿ ಇವತ್ತು ಇಷ್ಟಾದರೂ ಸಿಕ್ಕಿತು! ಮಂಕಿ ಕ್ಯಾಪ್ ಹಾಕಿದ ಅಜ್ಜ ಒಬ್ಬರು ನಮ್ಮ ಮುಂದೆ ನಾಲ್ಕು ಸುತ್ತು ಹೊಡೆದರು. ಏಳೂವರೆಗೆ ಕೆಂಪು ಟೋಪಿಯ ಪೊಲೀಸ್ ಬ್ಯಾರಿಕೇಡ್ ಸರಿಸಿದ್ದೇ ತಡ, ಮೊದಲ ಹಾರ್ನ್ ಕೇಳಿಸಿತು. ಅಲ್ಲಿಗೆ ಮಜಾ ಮುಗೀತು, ಎದ್ದೆವು.

ರೂಮು ಬುಕ್ ಮಾಡುವಾಗ ಪಾರ್ಕಿಂಗ್ ಎಲ್ಲಿ ಅಂತ ಫೋನ್ ಮಾಡಿಯೇ ಕೇಳಿ. ನಮ್ಮ ಲಾಡ್ಜ್‌ನವರು 'ಇದೆ ಸಾರ್' ಅಂದಿದ್ದು ಎದುರಿನ ಬೀದಿಯನ್ನು. ಬೀಚ್ ಪಕ್ಕದ ಹಳೇ ಫ್ರೆಂಚ್ ಬಡಾವಣೆ ವೈಟ್ ಟೌನ್‌ನ ಬೀದಿಗಳು ಕಿರಿದು, ಶನಿವಾರ, ಭಾನುವಾರ ಸುತ್ತಿ ಸುತ್ತಿ ಸಾಕಾಗುತ್ತದೆ. ಸಾಧ್ಯವಾದರೆ ವಾರದ ಮಧ್ಯೆ ಹೋಗಿ. ಕಾರು ನಿಲ್ಲಿಸಿ ಸ್ಕೂಟರ್ ಬಾಡಿಗೆಗೆ ತಗೊಳ್ಳಿ. ತಗೊಳ್ಳುವಾಗಲೇ ಗೀರುಗಳ ಫೋಟೊ ಹೊಡೆದಿಟ್ಟುಕೊಳ್ಳಿ, ಹೆಲ್ಮೆಟ್ ಕೇಳಿ ಪಡೆಯಿರಿ.

ಅರವಿಂದಾಶ್ರಮಕ್ಕೆ 3 ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ. ಪುಟ್ಟ ಮಗು ಇದ್ದರೆ ಒಬ್ಬರು ಹೊರಗೆ ನಿಲ್ಲಬೇಕು. ಊರ ಹೊರಗಿನ ಆರೋವಿಲ್‌ನಲ್ಲಿ ಚಿನ್ನದ ಬಣ್ಣದ ಗೋಳದಂಥ ಧ್ಯಾನಮಂದಿರ ಮಾತೃಮಂದಿರವನ್ನು ದೂರದಿಂದ ನೋಡಲು ಪಾಸ್ ಉಚಿತ, ವಿಸಿಟರ್ಸ್ ಸೆಂಟರ್‌ನಿಂದ ಮರದ ನೆರಳಲ್ಲಿ ನಡೆದು ಹೋಗಬೇಕು. ಒಳಗೆ ಕೂರುವುದಕ್ಕೆ ಮಾತ್ರ ಮುಂಚೆಯೇ ಬುಕಿಂಗ್ ಬೇಕು. ಸುಮ್ನೆ ಹೋಗಿ ಕಾವಲಿನವರ ಹತ್ತಿರ ವಾದ ಮಾಡಿದ ಒಂದು ಕುಟುಂಬವನ್ನು ನೋಡಿದೆವು, ಪ್ರಯೋಜನವಾಗಲಿಲ್ಲ.

ಜನವರಿ, ಫೆಬ್ರವರಿ ಒಳ್ಳೆಯ ಕಾಲ. ಅಕ್ಟೋಬರ್‌ನಿಂದ ಡಿಸೆಂಬರ್ ಅಲ್ಲಿ ಮಳೆ, ಚಂಡಮಾರುತದ ಸಮಯ. 2024ರ ನವೆಂಬರ್ ಕೊನೆಗೆ ಫೆಂಗಲ್ ಬಂದಾಗ ಊರಿನ ಬೀದಿಗಳೇ ಮುಳುಗಿದ್ದವು. ಮೇ ತಿಂಗಳ ಸೆಕೆ ಬೇಡವೇ ಬೇಡ.

ಇನ್ನೊಂದು ಮಾತು. ಅಗ್ಗ ಅಂತ ವಾಪಸ್ ಬರುವಾಗ ಮದ್ಯದ ಬಾಟಲಿ ತುಂಬಿಕೊಂಡು ಬರಬೇಡಿ. ಗಡಿ ದಾಟಿದರೆ ತಮಿಳುನಾಡು, ಚೆಕ್‌ಪೋಸ್ಟ್‌ನಲ್ಲಿ ಡಿಕ್ಕಿ ತೆಗೆಸುತ್ತಾರೆ. ನಮ್ಮದನ್ನೂ ತೆಗೆಸಿದರು. ಒದ್ದೆ ಬಟ್ಟೆಯ ಚೀಲ ಬಿಚ್ಚಿದವರು ವಾಸನೆಗೆ ಮುಖ ತಿರುಗಿಸಿ, ಹೋಗಿ ಅಂತ ಕೈಸನ್ನೆ ಮಾಡಿದರು.