ಮಂಕರಿಯೊಳಗೆ 21 ದಿನ

ನಮ್ಮ ಹೈಸ್ಕೂಲಿನ ಹಾಜರಿ ಪುಸ್ತಕದಲ್ಲಿ ಸೋಮವಾರದ ಗೈರುಗಳಿಗೆ ಜ್ವರ, ಹೊಟ್ಟೆನೋವು ಎಂಬ ಕಾರಣಗಳು ಕಾಣುತ್ತಿದ್ದವು. ಅವುಗಳಲ್ಲಿ ಕೆಲವಕ್ಕಾದರೂ ನಿಜವಾದ ಕಾರಣ ಕೋಳಿಮರಿ. ಸುತ್ತಲ ಹಳ್ಳಿಗಳಿಂದ ನಡೆದು ಬರುತ್ತಿದ್ದ ಹುಡುಗ ಹುಡುಗಿಯರಿಗೆಲ್ಲ ಒಂದು ಲೆಕ್ಕ ಬಾಯಿಪಾಠವಾಗಿತ್ತು. 21 ದಿನ ಎಂದರೆ ಸರಿಯಾಗಿ ಮೂರು ವಾರ, ಆದ್ದರಿಂದ ಕಾವಿಗೆ ಕೂರಿಸಿದ ವಾರವೇ ಮರಿ ಏಳುವ ವಾರ. ಶನಿವಾರ ರಾತ್ರಿ ಕೂರಿಸಿದರೆ ಭಾನುವಾರ ಬೆಳಿಗ್ಗೆ ಮಂಕರಿಯ ಮುಂದೆ ಕೂರಬಹುದು, ಪಾಠವೂ ತಪ್ಪುವುದಿಲ್ಲ. ದೊಡ್ಡವರು ಅಮಾವಾಸ್ಯೆ ನೋಡಿ, ಗಳಿಗೆ ನೋಡಿ ಭಾನುವಾರ ರಾತ್ರಿಗೆ ತಳ್ಳಿಬಿಟ್ಟರೆ ಸೋಮವಾರ ಜ್ವರ ಬರುತ್ತಿತ್ತು.

ಶಾಲೆಯ ನೆನಪು ಎಂದರೆ ಮೇಷ್ಟ್ರುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಮಧ್ಯಾಹ್ನದ ಬುತ್ತಿ ಬಿಚ್ಚಿದಾಗ ಗೆಳೆಯರ ನಡುವೆ ಕೈ ಬದಲಾಗುತ್ತಿದ್ದ ವಿದ್ಯೆಯನ್ನು ಬರೆದಿಡುವವರು ಕಡಿಮೆ. ಈಗಿನ ಮಕ್ಕಳ ಮನೆಯಲ್ಲೂ ನಾಲ್ಕು ನಾಟಿಕೋಳಿ ಇರಬಹುದು. ಅವರಿಗೆ ಉಪಯೋಗವಾಗಲಿ ಎಂದು ಆ ವಿದ್ಯೆಯಲ್ಲಿ ಒಂದನ್ನಷ್ಟೇ ಇಲ್ಲಿ ಬಿಡಿಸಿಡುತ್ತಿದ್ದೇನೆ.

ನಾಟಿ ಹೇಂಟೆ ಒಂದು ಸರದಿಗೆ ಹನ್ನೆರಡು ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಬರುತ್ತದೆ. ಗುರುತು ಹಿಡಿಯುವುದು ಸುಲಭ. ಗೂಡು ಬಿಟ್ಟು ಏಳುವುದಿಲ್ಲ, ಹತ್ತಿರ ಹೋದರೆ ಪುಕ್ಕವೆಲ್ಲ ಕೆದರಿಕೊಂಡು ಗುರ್ ಎನ್ನುತ್ತದೆ, ಕೈ ಒಡ್ಡಿದರೆ ಕುಕ್ಕುತ್ತದೆ. ಎದ್ದು ಓಡಾಡಿದರೂ ಕ್ಲೊಕ್ ಕ್ಲೊಕ್ ಎಂದು ಒಂದೇ ರಾಗ. ಜುಟ್ಟಿನ ಕೆಂಪು ಪೇಲವವಾಗುತ್ತದೆ. ಎದೆಯಡಿ ಪುಕ್ಕ ಉದುರಿ ಬರಿ ಚರ್ಮ ಕಾಣಿಸುತ್ತದೆ. ಮೊಟ್ಟೆಗೆ ಮೈಶಾಖ ನೇರವಾಗಿ ತಾಕಲಿ ಎಂದು ಆಗುವ ಏರ್ಪಾಡು ಅದು.

ಗೂಡು ಎಲ್ಲಿ ಎಂಬುದನ್ನು ಮಾತ್ರ ಹೇಂಟೆಯೇ ತೀರ್ಮಾನಿಸುತ್ತದೆ. ಅಟ್ಟದ ಮೇಲಿನ ಹಳೇ ತೊಟ್ಟಿಲು, ಕೊಟ್ಟಿಗೆಯ ಗೋದಲಿ, ಹುಲ್ಲಿನ ಬಣವೆಯ ಬುಡ, ಒಗೆಯಲು ಸುತ್ತಿಟ್ಟ ಬಟ್ಟೆಯ ಗಂಟು, ಯಾವುದೂ ಆದೀತು. ಇದ್ದಕ್ಕಿದ್ದಂತೆ ಒಂದು ಕೋಳಿ ಕಾಣೆಯಾಗುತ್ತದೆ. ಕಬ್ಬೆಕ್ಕು ಹೊತ್ತುಕೊಂಡು ಹೋಯಿತು ಎಂದು ಮನೆಯವರು ಕೈಬಿಟ್ಟ ಮೇಲೆ, ಒಂದು ಬೆಳಿಗ್ಗೆ ಬಣವೆಯ ಹಿಂದಿನಿಂದ ಒಂಬತ್ತು ಮರಿ ಹಿಂದಿಟ್ಟುಕೊಂಡು ಅಂಗಳಕ್ಕೆ ಬರುತ್ತದೆ. ಹಳ್ಳಿಮನೆಯಲ್ಲಿ ದುಡ್ಡು ಕೊಡದೆ ಸಿಗುವ ಸಂತೋಷಗಳಲ್ಲಿ ಇದಕ್ಕೆ ಮೊದಲ ಜಾಗ. ಆದರೆ ಇದನ್ನೇ ನಂಬಿ ಕೂರುವಂತಿಲ್ಲ. ಹೀಗೆ ಕದ್ದು ಕೂತ ಗೂಡುಗಳಲ್ಲಿ ಎಷ್ಟೋ ಕೇರೆಹಾವಿಗೆ, ಮುಂಗುಸಿಗೆ ಹೋಗುತ್ತವೆ. ಹುಡುಕುವಾಗಲೂ ಕತ್ತಲ ಮೂಲೆಗೆ ಮೊದಲು ಟಾರ್ಚು ಬಿಡಬೇಕು, ಆಮೇಲೆ ಕೈ. ಮೊಟ್ಟೆಯ ಮೇಲೆ ಸುತ್ತಿಕೊಂಡಿರುವುದು ಕೋಳಿಯೇ ಆಗಿರಬೇಕೆಂದೇನೂ ಇಲ್ಲ.

ಮರಿ ಏಳದಿದ್ದರೆ ಜನ ಕೋಳಿಯನ್ನು ಬಯ್ಯುತ್ತಾರೆ, ಇಲ್ಲವೇ ಗುಡುಗನ್ನು. ತಪ್ಪು ಹೆಚ್ಚಾಗಿ ಕೋಳಿ ಕೂರುವ ಮೊದಲೇ, ಮೊಟ್ಟೆ ಆರಿಸುವಾಗಲೇ ಆಗಿರುತ್ತದೆ. ಅಂಗಡಿಯ ಫಾರಂ ಮೊಟ್ಟೆಯಿಂದ ಮರಿ ಬರುವುದಿಲ್ಲ, ಆ ಕೋಳಿಗಳು ಹುಂಜದ ಮುಖವನ್ನೇ ಕಂಡಿರುವುದಿಲ್ಲ. ಪ್ರತಿ ಬ್ಯಾಚಿನಲ್ಲೂ ಯಾರಾದರೊಬ್ಬರು ಇದನ್ನು ಪರೀಕ್ಷಿಸಿ ನೋಡಿಯೇ ನಂಬುತ್ತಿದ್ದರು. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಹಬ್ಬಕ್ಕೆ ಹುಂಜ ಕೊಯ್ದಾಯಿತಲ್ಲ ಎಂದು ಚಿಂತಿಸುವವರಿಗೆ ಒಂದು ಸಮಾಧಾನವಿದೆ. ಹುಂಜ ಹೋದ ಮೇಲೂ ಒಂದು ವಾರ ಹತ್ತು ದಿನ ಬೀಜದ ಮೊಟ್ಟೆಗಳು ಬರುತ್ತಿರುತ್ತವೆ.

ಮೊಟ್ಟೆ ಏಳು ದಿನಕ್ಕಿಂತ ಹಳೆಯದಾಗಬಾರದು. ಹತ್ತು ದಿನ ದಾಟಿದ್ದರಲ್ಲಿ ಮರಿ ಏಳುವುದು ಗಣನೀಯವಾಗಿ ಕಡಿಮೆ. ಹದಿನೈದು ಮೊಟ್ಟೆಗಳ ಸರದಿಯಲ್ಲಿ ಮೊದಲು ಇಟ್ಟವನ್ನು ಅಡುಗೆಗೆ ಬಿಟ್ಟು ಕೊನೆಯವನ್ನು ಕಾವಿಗೆ ಉಳಿಸಬೇಕು. ಬಹಳ ಮನೆಗಳಲ್ಲಿ ಇದಕ್ಕೆ ತಿರುಗುಮುರುಗು ನಡೆಯುತ್ತಿತ್ತು, ಹೊಸದು ತಿನ್ನಲು ರುಚಿ ಎಂದು! ತೀರಾ ದೊಡ್ಡದು ಬೇಡ, ಅದರಲ್ಲಿ ಎರಡು ಭಂಡಾರ, ಅಂದರೆ ಹಳದಿ ಲೋಳೆ, ಇರಬಹುದು, ಅಂಥದ್ದು ಮರಿಯಾಗುವುದು ಇಲ್ಲವೆಂದೇ ಹೇಳಬೇಕು. ತೀರಾ ಸಣ್ಣದು, ಉಂಡೆಯಂತಿರುವುದು, ಚಿಪ್ಪು ತೆಳ್ಳಗಿರುವುದೂ ಬೇಡ. ಕಣ್ಣಿಗೆ ಕಾಣದ ಬಿರುಕು ತಿಳಿಯಲು ಎರಡು ಮೊಟ್ಟೆಗಳನ್ನು ಕಿವಿಯ ಹತ್ತಿರ ಮೆಲ್ಲಗೆ ತಾಕಿಸಬೇಕು. ಸರಿಯಿದ್ದರೆ ಕಲ್ಲಿನಂಥ ಟಕ್ ಸದ್ದು, ಬಿರುಕಿದ್ದರೆ ಒಡಕು ಮಡಕೆಯ ಸದ್ದು.

ಸಗಣಿ, ಹಿಕ್ಕೆ ಅಂಟಿದ್ದರೆ ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ತೊಳೆಯಲೇಬಾರದು. ಚಿಪ್ಪಿನ ತುಂಬ ಸಾವಿರಾರು ಸಣ್ಣ ರಂಧ್ರಗಳಿವೆ, ಅವುಗಳ ಮೇಲೊಂದು ತೆಳು ಪೊರೆ ಇರುತ್ತದೆ. ತೊಳೆದರೆ ಪೊರೆ ಹೋಗಿ ಕೊಳೆ ಒಳಗಿಳಿಯುತ್ತದೆ. ಅಜ್ಜಿಯರು ಮೊಟ್ಟೆಯನ್ನು ರಾಗಿ ಮಡಕೆಯಲ್ಲಿ ಹೂತಿಡುತ್ತಿದ್ದುದು ಒಳ್ಳೆಯ ಕ್ರಮವೇ, ದಪ್ಪ ತುದಿ ಮೇಲಿದ್ದರೆ ಸರಿ. ಬೇಸಿಗೆಯಲ್ಲಿ ಮಾತ್ರ ಅದು ಸಾಲದು. ಹೆಂಚಿನ ಮನೆಯೊಳಗಿನ ಬಿಸಿಗೇ ಮೊಟ್ಟೆಯಲ್ಲಿ ಮರಿಯ ಕುರುಹು ಅರ್ಧಂಬರ್ಧ ಬೆಳೆಯಲು ಶುರುವಾಗಿ, ಸರಿಯಾದ ಶಾಖವಿಲ್ಲದೆ ಸತ್ತುಹೋಗುತ್ತದೆ. ಏಪ್ರಿಲ್, ಮೇ ತಿಂಗಳ ಕಾವು ಕೆಡುವುದಕ್ಕೆ ಇದು ಮುಖ್ಯ ಕಾರಣ. ಅಗಲವಾದ ಪಾತ್ರೆಯಲ್ಲಿ ಮರಳು ಹಾಕಿ ನೀರು ಚಿಮುಕಿಸಿ, ಅದರೊಳಗೆ ಒಂದು ಮಣ್ಣಿನ ಕುಡಿಕೆ ಹೂತು, ಕುಡಿಕೆಯಲ್ಲಿ ಮೊಟ್ಟೆ ಇಟ್ಟು ತೆಳುಬಟ್ಟೆ ಮುಚ್ಚಿದರೆ ತಂಪಾಗಿರುತ್ತದೆ. ನೀರು ಮರಳಿಗೆ ಮಾತ್ರ, ಮೊಟ್ಟೆಗೆ ತಾಕಬಾರದು.

ಮಂಕರಿ ಕಟ್ಟುವುದು ಹೀಗೆ. ಹಳೇ ಬಿದಿರು ಮಂಕರಿಯ ತಳಕ್ಕೆ ಎರಡು ಬೆರಳು ದಪ್ಪ ಒಲೆಬೂದಿ, ಅದರ ಮೇಲೆ ಒಣಗಿದ ಸೀತಾಫಲದ ಎಲೆ ಅಥವಾ ಲಕ್ಕಿಸೊಪ್ಪು. ಇವೆಲ್ಲ ಹೇನಿಗಾಗಿ. ಕೋಳಿಹೇನು ಹತ್ತಿದರೆ ಹೇಂಟೆ ತಡೆಯಲಾರದೆ ಮತ್ತೆ ಮತ್ತೆ ಏಳುತ್ತದೆ, ಮೊಟ್ಟೆ ಆರುತ್ತದೆ. ಮೇಲೆ ಭತ್ತದ ಹುಲ್ಲನ್ನು ಹೊಸೆದು ಮೆತ್ತಗೆ ಮಾಡಿ, ನಡುವೆ ತಗ್ಗು ಬರುವಂತೆ ಹಾಸಬೇಕು. ತಟ್ಟೆಯಂತೆ ಚಪ್ಪಟೆಯಿದ್ದರೆ ಅಂಚಿನ ಮೊಟ್ಟೆಗಳು ಹೊರಕ್ಕೆ ಉರುಳುತ್ತವೆ, ತೀರಾ ಆಳವಾದರೆ ಒಂದರ ಮೇಲೊಂದು ಕೂತು ಒಡೆಯುತ್ತವೆ. ಒಂಬತ್ತರಿಂದ ಹದಿಮೂರು ಮೊಟ್ಟೆ ಒಂದು ಕೋಳಿಗೆ ಸರಿ, ಚಳಿಗಾಲದಲ್ಲಿ ಎರಡು ಕಡಿಮೆ. ಬೆಸ ಸಂಖ್ಯೆಯೇ ಆಗಬೇಕು ಎನ್ನುವುದು ನಂಬಿಕೆ. ಎಲ್ಲ ಮೊಟ್ಟೆಯೂ ರೆಕ್ಕೆಯಡಿ ಸೇರಬೇಕು ಎನ್ನುವುದೇ ನಿಜವಾದ ನಿಯಮ.

ಕೂರಿಸುವುದು ರಾತ್ರಿಯೇ. ಹಗಲಲ್ಲಿ ಜಾಗ ಬದಲಿಸಿದರೆ ಹೇಂಟೆ ಹಳೇ ಗೂಡಿಗೇ ಓಡುತ್ತದೆ. ಕತ್ತಲಲ್ಲಿ ಎತ್ತಿ ಹೊಸ ಮಂಕರಿಗೆ ಬಿಟ್ಟು, ಒಂದೆರಡು ದಿನ ಕೆಟ್ಟರೂ ಪರವಾಗಿಲ್ಲ ಎನ್ನುವ ಎರಡು ಮೊಟ್ಟೆ ಕೊಟ್ಟು ನೋಡಬೇಕು. ಕದಲದೆ ಕೂತರೆ ಒಳ್ಳೆಯ ಮೊಟ್ಟೆಗಳನ್ನು ಒಂದೇ ರಾತ್ರಿ ಒಟ್ಟಿಗೆ ಇಡಬೇಕು. ಪ್ರತಿಯೊಂದಕ್ಕೂ ಇದ್ದಿಲಿನಲ್ಲಿ ಒಂದು ಗೀಟು. ಇದನ್ನು ಮರೆತವರು ಆಮೇಲೆ ಪೇಚಾಡುತ್ತಾರೆ, ಯಾಕೆಂದರೆ ಬೇರೆ ಕೋಳಿಗಳು ಬಂದು ಅದೇ ಮಂಕರಿಯಲ್ಲಿ ಮೊಟ್ಟೆ ಇಟ್ಟು ಹೋಗುತ್ತವೆ. ಗೀಟಿಲ್ಲದ್ದನ್ನು ದಿನವೂ ತೆಗೆಯದಿದ್ದರೆ 21ನೇ ದಿನ ಅರ್ಧ ಮರಿ, ಅರ್ಧ ಕಾದು ಕೆಟ್ಟ ಮೊಟ್ಟೆ.

ಗೆಳೆಯರ ಪಾಲುದಾರಿಕೆ ನಡೆಯುತ್ತಿದ್ದದ್ದೂ ಇಲ್ಲೇ. ಒಬ್ಬರ ಮನೆಯಲ್ಲಿ ಕಾವಿಗೆ ಬಂದ ಹೇಂಟೆ, ಇನ್ನೊಬ್ಬರ ಮನೆಯಲ್ಲಿ ಗಿರಿರಾಜ ಕೋಳಿಯ ಮೊಟ್ಟೆ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಬೆಳೆಸಿದ ಈ ತಳಿ ಮೈಯಲ್ಲಿ ದೊಡ್ಡದು, ಮೊಟ್ಟೆಯಲ್ಲೂ ಮುಂದು, ಕಾವಿಗೆ ಕೂರುವುದರಲ್ಲಿ ಮಾತ್ರ ಹಿಂದು. ಆದ್ದರಿಂದ ನಾಟಿ ಹೇಂಟೆಯನ್ನು ಆಶ್ರಯಿಸಲೇಬೇಕು. ಎದ್ದ ಮರಿಯಲ್ಲಿ ಅರ್ಧರ್ಧ, ಬೆಸ ಬಂದರೆ ಹೆಚ್ಚಿನ ಮರಿ ಕೋಳಿಯವರಿಗೆ. ಗಿರಿರಾಜದ ಮೊಟ್ಟೆ ದೊಡ್ಡದಾದ್ದರಿಂದ ಒಂಬತ್ತಕ್ಕಿಂತ ಹೆಚ್ಚು ಇಡಬಾರದು. ಆಸೆಗೆ ಹದಿಮೂರು ಇಟ್ಟ ಪಾಲುದಾರರು ತಿಂಗಳುಗಟ್ಟಲೆ ಮಾತು ಬಿಟ್ಟದ್ದುಂಟು.

ಕೂತ ಮೇಲೆ ಹೇಂಟೆಗೆ ಹೇಳಿಕೊಡಬೇಕಾದ್ದು ಏನೂ ಇಲ್ಲ. ಕೊಕ್ಕಿನಿಂದ ಮೊಟ್ಟೆಗಳನ್ನು ದಿನಕ್ಕೆ ಹಲವು ಸಲ ತಾನೇ ಹೊರಳಿಸುತ್ತದೆ, ಅಂಚಿನದನ್ನು ನಡುವಿಗೆ ಎಳೆದುಕೊಳ್ಳುತ್ತದೆ. ಹೊರಳಿಸದಿದ್ದರೆ ಮರಿ ಚಿಪ್ಪಿನ ಪೊರೆಗೆ ಅಂಟಿ ಸಾಯುತ್ತದೆ. ನಮ್ಮ ಕೆಲಸ ದಿನಕ್ಕೊಂದು ಸಲ ಅದನ್ನು ಎಬ್ಬಿಸುವುದು. ಕೆಲವು ಹೇಂಟೆಗಳು ಹಸಿವನ್ನೂ ಮರೆತು ಕೂರುತ್ತವೆ. ಎತ್ತುವ ಮೊದಲು ರೆಕ್ಕೆಯ ಕೆಳಗೆ ಬೆರಳಾಡಿಸಿ ನೋಡಿ, ಮೊಟ್ಟೆ ಸಿಕ್ಕಿಕೊಂಡಿದ್ದರೆ ಎತ್ತಿದಾಗ ಬಿದ್ದು ಒಡೆಯುತ್ತದೆ. ಒಂದು ಹಿಡಿ ರಾಗಿಯೋ ಜೋಳವೋ ಹಾಕಿ, ನೀರು ಕುಡಿಸಿ, ಗಬ್ಬುನಾತದ ದೊಡ್ಡ ಹಿಕ್ಕೆ ಹಾಕುವ ತನಕ ಕಾದು, ಹದಿನೈದು ಇಪ್ಪತ್ತು ನಿಮಿಷದಲ್ಲಿ ಮತ್ತೆ ಕೂರಲು ಬಿಡಬೇಕು. ಒಂದು ಮೊಟ್ಟೆ ಒಡೆದು ಉಳಿದವಕ್ಕೆ ಲೋಳೆ ಹತ್ತಿದರೆ ಹುಲ್ಲು ಬದಲಿಸಿ, ಉಗುರುಬೆಚ್ಚಗಿನ ನೀರಲ್ಲಿ ಹಿಂಡಿದ ಬಟ್ಟೆಯಿಂದ ಮೊಟ್ಟೆಗಳನ್ನು ಒರೆಸಿ ಇಡಬೇಕು. ಲೋಳೆ ಒಣಗಿದರೆ ರಂಧ್ರ ಮುಚ್ಚಿ ಮರಿಗೆ ಉಸಿರು ಕಟ್ಟುತ್ತದೆ. ತೊಳೆಯಬಾರದು ಎಂಬ ನಿಯಮಕ್ಕೆ ಇದೊಂದೇ ರಿಯಾಯಿತಿ.

ಏಳನೇ ರಾತ್ರಿ ಟಾರ್ಚು ಪರೀಕ್ಷೆ. ನೋಟ್‌ಬುಕ್ಕಿನ ರಟ್ಟಿನಲ್ಲಿ ನಾಣ್ಯದಷ್ಟಗಲ ತೂತು ಕೊರೆದು ಟಾರ್ಚಿನ ಬಾಯಿಗಿಟ್ಟು, ತೂತಿನ ಮೇಲೆ ಮೊಟ್ಟೆಯ ದಪ್ಪ ತುದಿ ಹಿಡಿದರೆ ಒಳಗು ಕಿತ್ತಳೆ ಬಣ್ಣಕ್ಕೆ ಬೆಳಗುತ್ತದೆ. ಒಂದು ಕಪ್ಪು ಚುಕ್ಕೆ, ಅದರಿಂದ ಜೇಡರ ಕಾಲಿನಂತೆ ಹರಡಿದ ಕೆಂಪು ನರಗಳು ಕಂಡರೆ ಮರಿ ಬೆಳೆಯುತ್ತಿದೆ. ಚುಕ್ಕೆ ಮಿಸುಕುವುದನ್ನೂ ನೋಡಬಹುದು. ಏನೂ ಕಾಣದೆ ನಿಚ್ಚಳವಾಗಿದ್ದರೆ ಬೀಜವಿಲ್ಲದ್ದು. ರಕ್ತದ ಬರಿ ಉಂಗುರ ಕಂಡರೆ ಮರಿ ಶುರುವಾಗಿ ಸತ್ತದ್ದು. ಇವೆರಡನ್ನೂ ತೆಗೆದುಬಿಡಬೇಕು. ಜೀವಶಾಸ್ತ್ರದ ಪಾಠದಲ್ಲಿ ಭ್ರೂಣದ ಚಿತ್ರ ಬೋರ್ಡಿಗೆ ಬಂದಾಗ ಹಿಂದಿನ ಬೆಂಚುಗಳಲ್ಲಿ ಆಶ್ಚರ್ಯವೇ ಇರಲಿಲ್ಲ, ಅವರು ಅದನ್ನು ಮಿಡಿಯುತ್ತಿರುವಾಗಲೇ ನೋಡಿದ್ದವರು.

ಗುಡುಗಿನ ವಿಷಯ. ಗುಡುಗಿದರೆ ಮೊಟ್ಟೆ ಕೆಡುತ್ತದೆ ಎಂದು ಮಂಕರಿಯಲ್ಲಿ ಕಬ್ಬಿಣದ ಮೊಳೆ, ಇದ್ದಿಲು, ಒಣಮೆಣಸಿನಕಾಯಿ ಇಡುತ್ತಿದ್ದರು. ಇಡುವುದರಿಂದ ನಷ್ಟವೇನಿಲ್ಲ. ಆದರೆ ಗುಡುಗಿನ ಜೊತೆ ಬರುವ ಮಳೆಗೆ ಹೆಂಚು ಸೋರಿ ಮಂಕರಿ ನೆನೆಯುತ್ತದಲ್ಲ, ನೋಡಬೇಕಾದ್ದು ಅದನ್ನು. ಮುಂಗಾರಿಗೆ ಮುಂಚಿನ ಮಳೆಗಳ ಹೊತ್ತಿಗೆ ಬೇಸಿಗೆಯ ಕೆಟ್ಟ ಮೊಟ್ಟೆಗಳು ಮಂಕರಿಯಲ್ಲಿರುತ್ತವೆ. ಹೆಸರು ಗುಡುಗಿಗೆ ಬರುತ್ತದೆ.

18ನೇ ದಿನದ ನಂತರ ಮೊಟ್ಟೆ ಮುಟ್ಟಬಾರದು. ಒಣಹವೆ ಇದ್ದರೆ ಮಂಕರಿಯ ಅಂಚಿನ ಹುಲ್ಲಿಗೆ ಒಂದಿಷ್ಟು ಬೆಚ್ಚನೆ ನೀರು ಚಿಮುಕಿಸಿದರಾಯಿತು. ಕೆಲವರು ಮೊಟ್ಟೆಯನ್ನು ಬೆಚ್ಚಗಿನ ನೀರಲ್ಲಿ ತೇಲಿಬಿಟ್ಟು, ಅಲ್ಲಾಡಿದರೆ ಮರಿ ಜೀವಂತ ಎಂದು ನೋಡುತ್ತಾರೆ. ಅಲ್ಲಾಡುವುದು ನಿಜ. ಆದರೆ ಆಗಲೇ ಎಲ್ಲೋ ಸಣ್ಣ ತೂತು ಬಿದ್ದಿದ್ದರೆ ಮರಿ ಒಳಗೇ ಮುಳುಗಿ ಸಾಯುತ್ತದೆ. ಮೊಟ್ಟೆ ಮುಟ್ಟದೆ ಮಂಕರಿಯ ಹತ್ತಿರ ಕಿವಿಗೊಟ್ಟರೂ ತಿಳಿಯುತ್ತದೆ, ಇಪ್ಪತ್ತನೇ ದಿನ ಒಳಗಿನಿಂದ ಚಿಯ್ ಎನ್ನುವ ಸದ್ದು ಕೇಳುತ್ತದೆ.

ಮೊದಲ ಬಿರುಕು ಕಂಡು ಮರಿ ಹೊರಬರಲು ಹನ್ನೆರಡು ಗಂಟೆಯೂ ಆಗಬಹುದು, ಪೂರ್ತಿ ಒಂದು ದಿನವೂ ಆಗಬಹುದು. ಮಕ್ಕಳ ಕೈ ಸುಮ್ಮನಿರದ ಹೊತ್ತು ಇದೇ. ಪಾಪ ಕಷ್ಟಪಡುತ್ತಿದೆ ಎಂದು ಚಿಪ್ಪು ಸುಲಿದರೆ ಪೊರೆಯ ನರಗಳಿಂದ ರಕ್ತ ಸೋರುತ್ತದೆ, ಹೊಟ್ಟೆಯೊಳಗೆ ಇನ್ನೂ ಸೇರದ ಭಂಡಾರ ಹೊರಗೇ ಉಳಿಯುತ್ತದೆ. ಅಂಥ ಮರಿ ಸಂಜೆಗೆ ಸಾಯುತ್ತದೆ. ಒಂದು ಸಹಾಯ ಮಾತ್ರ ಮಾಡಬಹುದು. ಮೊದಲು ಎದ್ದ ಮರಿಗಳು ಚುರುಕಾಗಿ ಓಡಾಡತೊಡಗಿದರೆ ತಾಯಿ ಅವನ್ನು ಕರೆದುಕೊಂಡು ಗೂಡು ಬಿಟ್ಟುಬಿಡುತ್ತದೆ, ಉಳಿದ ಮೊಟ್ಟೆ ಆರುತ್ತವೆ. ಅದಕ್ಕೆ ಒಣಗಿದ ಮರಿಗಳನ್ನು ಬಟ್ಟೆ ಹಾಸಿದ ಬುಟ್ಟಿಯಲ್ಲಿ ಬೆಚ್ಚಗಿಟ್ಟು, ಎಲ್ಲ ಎದ್ದ ಮೇಲೆ ರಾತ್ರಿ ತಾಯಿಯಡಿ ಸೇರಿಸಬೇಕು. 22ನೇ ದಿನ ಮುಗಿದರೂ ಸದ್ದಿಲ್ಲದ ಮೊಟ್ಟೆಯನ್ನು ಅಲುಗಾಡಿಸದೆ ತಿಪ್ಪೆಯಲ್ಲಿ ಹೂಳಿ. ಕೊಳೆತ ಮೊಟ್ಟೆ ಪಟಾಕಿಯಂತೆ ಸಿಡಿಯುತ್ತದೆ, ಆ ವಾಸನೆ ಎರಡು ಸ್ನಾನಕ್ಕೂ ಹೋಗುವುದಿಲ್ಲ.

ಕೋಳಿಯಡಿ ಬಾತುಕೋಳಿ ಮೊಟ್ಟೆ ಇಡುವವರಿಗೆ ಒಂದು ಮಾತು. ಅದಕ್ಕೆ 28 ದಿನ ಬೇಕು. ಎರಡೂ ಬೆರೆಸುವುದಾದರೆ ಬಾತಿನದ್ದನ್ನು ಒಂದು ವಾರ ಮೊದಲೇ ಇಡಬೇಕು. ಬಾತುಮರಿಗಳು ನೀರು ಕಂಡೊಡನೆ ಇಳಿಯುತ್ತವೆ, ಸಾಕುತಾಯಿ ದಡದಲ್ಲಿ ನಿಂತು ಕೇರಿಗೆಲ್ಲ ಕೇಳುವಂತೆ ಅರಚುತ್ತದೆ. ನೋಡಲು ನಗು ಬಂದರೂ ಮೊದಲ ವಾರ ಬಿಡಬೇಡಿ. ತಾಯಿ ಬಾತಿನ ಪುಕ್ಕದ ಜಿಡ್ಡು ಮೈಗೆ ಸವರಿಲ್ಲದ ಮರಿಗಳು ನೆನೆದು ಚಳಿಗೆ ಸಾಯುತ್ತವೆ. ನವಿಲಿನ ಮೊಟ್ಟೆ ಹೊಲದಲ್ಲಿ ಸಿಕ್ಕರೂ ತರಬಾರದು. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ.

ಎದ್ದ ಮರಿಗೆ ಮೊದಲ ದಿನ ಮೇವು ಬೇಕಿಲ್ಲ, ಹೊಟ್ಟೆಯಲ್ಲಿ ಭಂಡಾರ ಇರುತ್ತದೆ. ನೀರು ಬೇಕು. ಚಪ್ಪಟೆ ತಟ್ಟೆಯಲ್ಲಿ ನಾಲ್ಕು ಬೆಣಚುಕಲ್ಲು ಹಾಕಿ ಕೊಡಿ, ಇಲ್ಲವಾದರೆ ಬಿದ್ದು ಮುಳುಗುತ್ತವೆ. ಎರಡನೇ ದಿನದಿಂದ ನುಚ್ಚಕ್ಕಿ, ರಾಗಿ. ಉಪ್ಪಿನ ಸಾರು ಬೆರೆತ ಅನ್ನ ಬೇಡ, ಉಪ್ಪು ಮರಿಗಳನ್ನು ಕೊಲ್ಲುತ್ತದೆ. ಬೇಗ ಬೆಳೆಯಬೇಕೆಂದರೆ ಗೆದ್ದಲು. ಹಳೇ ಮಡಕೆಗೆ ಒಣಸಗಣಿ, ಹುಲ್ಲು, ಗೋಣಿಚೂರು ತುರುಕಿ ನೀರು ಚಿಮುಕಿಸಿ, ಗೆದ್ದಲಿರುವ ಜಾಗದಲ್ಲಿ ಸಂಜೆ ಬೋರಲು ಹಾಕಿ. ಬೆಳಿಗ್ಗೆ ಬಿಸಿಲೇರುವ ಮುಂಚೆ ಎತ್ತಿ ಮರಿಗಳ ಮುಂದೆ ಕೊಡವಿದರೆ ಅಂಗಳ ಒಂದು ನಿಮಿಷ ಯುದ್ಧಭೂಮಿ.

ಐದರಿಂದ ಏಳನೇ ದಿನದೊಳಗೆ ಕೊಕ್ಕರೆ ರೋಗದ (ಕೋಳಿಗಳಿಗೆ ಬರುವ ರಾಣಿಖೇತ್ ರೋಗ) ಲಸಿಕೆ, ಕಣ್ಣಿಗೋ ಮೂಗಿಗೋ ಒಂದು ಹನಿ. ಎಂಟನೇ ವಾರದಲ್ಲಿ ರೆಕ್ಕೆಯ ಕೆಳಗೆ ಇಂಜೆಕ್ಷನ್. ಒಂದು ಸೀಸೆ ನೂರಾರು ಮರಿಗಾಗುವಷ್ಟಿದ್ದು, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹಾಗಾಗಿ ಕೇರಿಯ ಮಕ್ಕಳೆಲ್ಲ ಮಾತಾಡಿಕೊಂಡು ಒಂದೇ ದಿನ ಬುಟ್ಟಿ ಹೊತ್ತು ಪಶು ಆಸ್ಪತ್ರೆಗೆ ಹೋಗುವುದು. ಮನೆಗೇ ತರುವುದಾದರೆ ಫ್ಲಾಸ್ಕಿನಲ್ಲಿ ಐಸ್ ಹಾಕಿಕೊಂಡು ಬರಬೇಕು, ಬಿಸಿಲಲ್ಲಿ ಬಂದ ಲಸಿಕೆ ನೀರಿಗೆ ಸಮ.

ಮರಿಗಳು ಹೆಚ್ಚಾಗಿ ಹೋಗುವುದು ಮೊದಲ ನಾಲ್ಕು ವಾರದಲ್ಲಿ, ಹದ್ದಿಗೆ, ಕಾಗೆಗೆ, ಮನೆಯ ಬೆಕ್ಕಿಗೆ. ಅಷ್ಟು ದಿನ ತಾಯಿಯನ್ನು ಪಂಜರದಡಿ ಮುಚ್ಚಿ, ಮರಿಗಳು ಸಂದಿಯಿಂದ ನುಸುಳಿ ಓಡಾಡುವಂತೆ ಬಿಟ್ಟರೆ ಉತ್ತಮ. ಹದ್ದಿನ ನೆರಳು ಬಿದ್ದೊಡನೆ ತಾಯಿ ಒಂದು ಕೂಗು ಹಾಕುತ್ತದೆ, ಮರಿಗಳು ಒಳಗೆ ಸೇರುತ್ತವೆ. ಆರರಿಂದ ಎಂಟು ವಾರಕ್ಕೆ ಅದೇ ತಾಯಿ ಮರಿಗಳನ್ನು ಕುಕ್ಕಿ ದೂರ ಓಡಿಸತೊಡಗುತ್ತದೆ. ಜುಟ್ಟು ಮತ್ತೆ ಕೆಂಪಾಗುತ್ತದೆ. ಆಗಿನಿಂದ ಬಟ್ಟೆಯ ಗಂಟು ಮೇಲೆತ್ತಿಡಿ.